ಮಗು ಕಾಯದಿದ್ದರೆ ಮೊದಲು ನಿಮ್ಮ ಮಾತನ್ನು ನೋಡಿಕೊಳ್ಳಿ

ಕಾದರೆ ಎರಡು ಕೊಡ್ತೀನಿ ಅಂದರೂ 4 ವರ್ಷದ ಮಗಳು ಮಿಠಾಯಿ ಮುಂದೆ ಒಂದು ನಿಮಿಷವೂ ಕೂರಲಿಲ್ಲ, ತಾಳ್ಮೆ ಕಲಿಸೋದು ಹೇಗೆ ಅಂತ ಕೇಳಿದ್ದೀರಿ. ನಾನೂ ಇದೇ ಪರೀಕ್ಷೆ ಮಾಡಿ ಮಗನನ್ನು ಬೈದವನು. ವಾರವಿಡೀ "ಆಮೇಲೆ ಕೊಡ್ತೀನಿ", "ನಾಳೆ ಹೋಗೋಣ" ಅಂತ ಸಾಗಹಾಕಿ, ಭಾನುವಾರ ಬರ್ಫಿ ಇಟ್ಟು "15 ನಿಮಿಷ ಕಾದರೆ ಎರಡು" ಅಂದರೆ ಅವನು ಯಾಕೆ ನಂಬಬೇಕು? ಸಿಕ್ಕಿದ್ದನ್ನು ತಿಂದ. ಅವನ ಲೆಕ್ಕ ಸರಿಯಾಗಿಯೇ ಇತ್ತು.

ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಸಂಶೋಧಕಿ ಸೆಲೆಸ್ಟ್ ಕಿಡ್ ಮತ್ತು ಸಂಗಡಿಗರು 28 ಮಕ್ಕಳ ಮೇಲೆ ಮಾಡಿದ ಪ್ರಯೋಗ 2013ರಲ್ಲಿ ಪ್ರಕಟವಾಯಿತು. ಮೊದಲು ಹಳೇ ಕ್ರೇಯಾನ್ ಕೊಟ್ಟು, "ಇರು, ಚೆನ್ನಾಗಿರೋದು ತರ್ತೀನಿ" ಅಂದರು. ಅರ್ಧ ಮಕ್ಕಳಿಗೆ ತಂದುಕೊಟ್ಟರು, ಉಳಿದವರ ಬಳಿ ಬರಿಗೈಲಿ ಬಂದರು. ಸ್ಟಿಕ್ಕರ್ ವಿಷಯದಲ್ಲೂ ಹಾಗೇ. ಆಮೇಲೆ ಮಾರ್ಷ್‌ಮೆಲೋ ಅನ್ನೋ ಮೆತ್ತನೆ ಮಿಠಾಯಿ ಇಟ್ಟು, 15 ನಿಮಿಷ ಕಾದರೆ ಎರಡು ಅಂದಾಗ, ಹೇಳಿದ್ದು ಕೈಗೆ ಸಿಕ್ಕಿದ್ದ ಗುಂಪು ಸರಾಸರಿ 12 ನಿಮಿಷ ಕಾಯಿತು, ಇನ್ನೊಂದು 3 ನಿಮಿಷ. ಪೂರ್ತಿ 15 ನಿಮಿಷ ಕೂತವರು ಮೊದಲ ಗುಂಪಿನ 14ರಲ್ಲಿ 9, ಎರಡನೆಯದರಲ್ಲಿ ಒಬ್ಬ. ಎರಡೇ ಸಲ ಮಾತು ತಪ್ಪಿದ್ದಕ್ಕೆ ಇಷ್ಟು!

ಮಿದುಳಿನಲ್ಲಿ ಡೋಪಮೈನ್ ಅನ್ನೋ ರಾಸಾಯನಿಕದ ಮೂಲಕ ಸಂದೇಶ ಕಳಿಸುವ ಕೋಶಗಳು ಬರೀ ಸಿಹಿಗೆ ಮಿಡಿಯುವುದಿಲ್ಲ. ನಿರೀಕ್ಷಿಸಿದ್ದಕ್ಕೂ ಸಿಕ್ಕಿದ್ದಕ್ಕೂ ಇರುವ ವ್ಯತ್ಯಾಸವನ್ನು ಲೆಕ್ಕ ಇಡುತ್ತವೆ. ನರವಿಜ್ಞಾನಿ ವೋಲ್ಫ್ರಾಮ್ ಶುಲ್ಟ್ಸ್ ಕೋತಿಗಳಲ್ಲಿ ಕಂಡಂತೆ, ಬರಬೇಕಾದ ಹೊತ್ತಿಗೆ ಹಣ್ಣಿನ ರಸ ಬರದಿದ್ದರೆ ಆ ಕ್ಷಣಕ್ಕೇ ಅವುಗಳ ಮಿಡಿತ ಕುಸಿಯುತ್ತದೆ. ಪದೇ ಪದೇ ಹೀಗಾದರೆ ರಸ ಬರುತ್ತದೆ ಎಂಬ ಸೂಚನೆಯೇ ಬೆಲೆ ಕಳೆದುಕೊಳ್ಳುತ್ತದೆ. ನಮ್ಮನೆಯಲ್ಲಿ ಬೆಲೆ ಕಳೆದುಕೊಂಡಿದ್ದು "ಆಮೇಲೆ" ಅನ್ನುವ ಪದ. ರೊಮೇನಿಯಾದ ಅನಾಥಾಲಯಗಳಲ್ಲಿ ಶೈಶವ ಕಳೆದು ಬ್ರಿಟನ್ನಿಗೆ ದತ್ತು ಹೋದವರ ಮಿದುಳನ್ನು ಹದಿಹರೆಯದಲ್ಲಿ ಸ್ಕ್ಯಾನ್ ಮಾಡಿದಾಗ, ಬಹುಮಾನ ಬರಲಿದೆ ಎಂಬ ಸೂಚನೆಗೆ ವೆಂಟ್ರಲ್ ಸ್ಟ್ರಯೇಟಮ್ (ಬಹುಮಾನಕ್ಕೆ ಸ್ಪಂದಿಸುವ ಮಿದುಳಿನ ಭಾಗ) ಮಂದವಾಗಿ ಸ್ಪಂದಿಸಿತ್ತು. ಅದು ಘೋರ ಅಭಾವದ ಕಥೆ, ನಿಮ್ಮ ಮನೆಗೆ ಅಂಟಿಸಿಕೊಂಡು ಹೆದರಬೇಡಿ.

ಹಾಗಾಗಿ ತಾಳ್ಮೆ ಪಾಠ ಬಿಡಿ. "ಆಮೇಲೆ" ಬದಲು "ಕುಕ್ಕರ್ ಮೂರು ಸಲ ಕೂಗಿದ ಮೇಲೆ" ಅನ್ನಿ, ಮೂರನೇ ಸಲ ಕೂಗಿದ ತಕ್ಷಣ ಕೊಡಿ, ಫೋನ್ ಬಂದರೂ. 2 ನಿಮಿಷದಿಂದ ಶುರು ಮಾಡಿ. ತಿಂಡಿ ಮೇಲೆ ಮುಚ್ಚಳ ಇಡಿ. ಈ ಪರೀಕ್ಷೆ ಶುರು ಮಾಡಿದ ಮನೋವಿಜ್ಞಾನಿ ವಾಲ್ಟರ್ ಮಿಶೆಲ್ ಅವರ ಪ್ರಯೋಗದಲ್ಲೂ ಕಣ್ಣಿಗೆ ಕಾಣದಿದ್ದಾಗ ಮಕ್ಕಳು ಹೆಚ್ಚು ಹೊತ್ತು ಕಾದಿದ್ದರು. ಕೊಡೋಕೆ ಆಗಲ್ಲ ಅಂದರೆ ಮೊದಲೇ "ಇಲ್ಲ" ಅಂದುಬಿಡಿ, ಅತ್ತರೆ ಅಳಲಿ.

ಇನ್ನೊಂದು, ಇದರಲ್ಲೇ ಹೆಚ್ಚಿನವರು ಎಡವೋದು: ಕಾದು ಗಳಿಸಿದ ಬರ್ಫಿಯನ್ನು ಗೋಡೆ ಗೀಚಿದ ತಪ್ಪಿಗೆ ಕಿತ್ತುಕೊಳ್ಳಬೇಡಿ. ಮಗುವಿನ ಲೆಕ್ಕದಲ್ಲಿ ಅದೂ ಮಾತು ತಪ್ಪಿದ್ದೇ. ಗೋಡೆ ಒರೆಸಲಿ, ಬರ್ಫಿ ಕೊಡಿ.