ಜಕಾರ್ತದ ಮೊನಾಸ್: ಮೇಲೇರುವ ಮೊದಲು ಒಳಗೆ ಕುಳಿತು ಕೇಳಿ

ಪ್ರಶ್ನೆ: ನಾನೂ ನನ್ನ ಪತ್ನಿಯೂ ನಿವೃತ್ತ ಶಿಕ್ಷಕರು. ಮಗ ಜಕಾರ್ತದಲ್ಲಿ ಕೆಲಸದಲ್ಲಿರುವುದರಿಂದ ಬರುವ ಆಗಸ್ಟ್ ತಿಂಗಳನ್ನು ಅಲ್ಲಿಯೇ ಕಳೆಯಲಿದ್ದೇವೆ. ಇಂಡೊನೇಷ್ಯಾದ ಸ್ವಾತಂತ್ರ್ಯ ಸ್ಮಾರಕವನ್ನು ನೋಡುವ ಆಸೆ ನಮಗಿದೆ. ಆದರೆ ಹೋಗಿ ಬಂದವರೆಲ್ಲ ‘ಬಹಳ ಹೊತ್ತು ಸಾಲಿನಲ್ಲಿ ನಿಂತು ಲಿಫ್ಟಿನಲ್ಲಿ ಮೇಲೇರಿ, ಊರು ನೋಡಿ ಇಳಿದರೆ ಮುಗಿಯಿತು’ ಎನ್ನುತ್ತಾರೆ. ನನಗೆ ಮಂಡಿನೋವು ಬೇರೆ. ಅಷ್ಟು ಶ್ರಮಪಟ್ಟು ಹೋಗಬೇಕೇ?
— ಓದುಗರು, ಧಾರವಾಡ

ಉತ್ತರ: ಖಂಡಿತ ಹೋಗಿ, ಆದರೆ ಲಿಫ್ಟಿನ ಆಸೆಯನ್ನು ಎರಡನೆಯ ಸ್ಥಾನಕ್ಕೆ ಇಳಿಸಿ ಹೋಗಿ. ಮೊನಾಸ್ ಎಂದು ಎಲ್ಲರೂ ಕರೆಯುವ ಈ ರಾಷ್ಟ್ರೀಯ ಸ್ಮಾರಕದ ಎತ್ತರ 132 ಮೀಟರ್. 115 ಮೀಟರ್ ಎತ್ತರದಲ್ಲಿರುವ ಜಗಲಿಯಿಂದ, ಹೊಗೆ ಮಂಜುಗಳಿಲ್ಲದ ದಿನ, ದಕ್ಷಿಣಕ್ಕೆ ಸಾಲಕ್ ಪರ್ವತವೂ ಉತ್ತರಕ್ಕೆ ಜಾವಾ ಸಮುದ್ರವೂ ಕಾಣುತ್ತವೆ. ಆ ನೋಟ ಚೆನ್ನಾಗಿದೆ, ನಿಜ. ಆದರೆ ಸ್ಮಾರಕವನ್ನು ಯಾವುದಕ್ಕಾಗಿ ಕಟ್ಟಿದರೋ ಅದು ಮೇಲಿಲ್ಲ, ಒಡಲಿನಲ್ಲಿದೆ. ಹೆಚ್ಚಿನ ಪ್ರವಾಸಿಗರು ಅದರ ಪಕ್ಕದಲ್ಲೇ ಹಾದು ಲಿಫ್ಟಿನ ಸಾಲಿಗೆ ಓಡುತ್ತಾರೆ ಎಂಬುದು ನನಗೆ ಪ್ರತಿ ಬಾರಿಯೂ ನೋವು ಕೊಟ್ಟ ಸಂಗತಿ.

ನಾನು ಹೇಳುತ್ತಿರುವುದು ಸ್ವಾತಂತ್ರ್ಯ ಸಭಾಂಗಣವನ್ನು. ಸ್ತಂಭದ ಬುಡದಲ್ಲಿ ಬಟ್ಟಲಿನಂತೆ ಅರಳಿರುವ ಭಾಗದ ಒಳಗೆ, ಅಮೃತಶಿಲೆಯ ಗೋಡೆಗಳ ನಡುವೆ, ಮೆಟ್ಟಿಲು ಮೆಟ್ಟಿಲಾಗಿ ಕುಳಿತುಕೊಳ್ಳಬಹುದಾದ ಒಂದು ಮಂದ ಬೆಳಕಿನ ಅಂಗಣವಿದೆ. ನಿಮ್ಮ ಮಂಡಿಗೂ ಅಲ್ಲಿ ವಿಶ್ರಾಂತಿ ಸಿಗುತ್ತದೆ. ಒಂದು ಬದಿಯಲ್ಲಿ ಚಿನ್ನದ ಲೇಪದ ದ್ವೀಪಸಮೂಹದ ನಕ್ಷೆ, ಇನ್ನೊಂದು ಬದಿಯಲ್ಲಿ ರಾಷ್ಟ್ರಲಾಂಛನವಾದ ಗರುಡ, ಮತ್ತೊಂದು ಬದಿಯಲ್ಲಿ ವಿಜಯಕುಸುಮ ಮತ್ತು ತಾವರೆ ಹೂಗಳ ಕೆತ್ತನೆಯಿರುವ ಭಾರವಾದ ಕಂಚಿನ ಬಾಗಿಲು ಇವೆ. ಆ ಬಾಗಿಲು ಸಂಗೀತದೊಂದಿಗೆ ನಿಧಾನವಾಗಿ ತೆರೆದುಕೊಂಡಾಗ ಹಿಂದಿನಿಂದ ಸ್ವಾತಂತ್ರ್ಯ ಘೋಷಣೆಯ ಪಾಠವು ಕಾಣಿಸುತ್ತದೆ, ದೇಶದ ಮೊದಲ ಅಧ್ಯಕ್ಷ ಸುಕಾರ್ನೊ ಅದನ್ನು ಓದುವ ದನಿಯೂ ಕೇಳಿಸುತ್ತದೆ.

ಆ ಪಾಠದಲ್ಲಿರುವುದು ಎರಡೇ ವಾಕ್ಯ. ಇಂಡೊನೇಷ್ಯಾದ ಜನರಾದ ನಾವು ಇಂಡೊನೇಷ್ಯಾದ ಸ್ವಾತಂತ್ರ್ಯವನ್ನು ಈ ಮೂಲಕ ಸಾರುತ್ತೇವೆ ಎಂಬುದು ಮೊದಲನೆಯದು. ಅಧಿಕಾರದ ವರ್ಗಾವಣೆಯೇ ಮೊದಲಾದ ವಿಷಯಗಳನ್ನು ಎಚ್ಚರಿಕೆಯಿಂದಲೂ ಆದಷ್ಟು ಬೇಗನೆಯೂ ನೆರವೇರಿಸಲಾಗುವುದು ಎಂಬುದು ಎರಡನೆಯದು. ಇಷ್ಟು ಚಿಕ್ಕದಾಗಿರುವುದಕ್ಕೆ ಕಾರಣವನ್ನು ಆ ದಿನಗಳ ಅವಸರದಲ್ಲಿ ಹುಡುಕಬೇಕು. ಯುದ್ಧಕಾಲದಲ್ಲಿ ಆ ದೇಶವನ್ನು ಹಿಡಿದು ಆಳುತ್ತಿದ್ದ ಜಪಾನ್ 1945ರ ಆಗಸ್ಟ್ 15ರಂದು ಶರಣಾಯಿತು. ಇನ್ನು ಕಾಯಬಾರದೆಂದು ಹಟ ಹಿಡಿದ ಯುವಕರು 16ರ ನಸುಕಿನಲ್ಲಿ ಸುಕಾರ್ನೊ ಮತ್ತು ಅವರ ಜೊತೆಗಾರ ನಾಯಕ ಹತ್ತಾ ಇಬ್ಬರನ್ನೂ ರೆಂಗಾಸ್‌ಡೆಂಗ್‌ಕ್ಲೊಕ್ ಎಂಬ ಊರಿಗೆ ಕರೆದೊಯ್ದರು. ಅದೇ ರಾತ್ರಿ ಅವರು ಜಕಾರ್ತಕ್ಕೆ ಮರಳಿ, ಜಪಾನಿ ನೌಕಾಪಡೆಯ ಅಧಿಕಾರಿ ಮಾಯೆಡ ಅವರ ಮನೆಯಲ್ಲಿ ಕುಳಿತು ಕರಡು ಬರೆದರು. ಸಯೂತಿ ಮೆಲಿಕ್ ಅದನ್ನು ಬೆರಳಚ್ಚು ಮಾಡಿದರು. 17ರ ಬೆಳಿಗ್ಗೆ 10 ಗಂಟೆಗೆ ಸುಕಾರ್ನೊ ತಮ್ಮ ಮನೆಯ ಮುಂದೆ ನಿಂತು ಅದನ್ನು ಓದಿದರು, ಪತ್ನಿ ಫಾತ್ಮಾವತಿ ಹೊಲಿದ ಕೆಂಪು ಬಿಳಿ ಬಾವುಟ ಮೇಲೇರಿತು. ಆ ಹಾಳೆಯಲ್ಲಿ ಇಸವಿಯನ್ನು 05 ಎಂದು ಬರೆದಿರುವುದನ್ನು ಗಮನಿಸಿ: ಜಪಾನಿ ಪಂಚಾಂಗದ 2605ನೆಯ ವರ್ಷವೆಂದು ಅದರ ಅರ್ಥ. ಬಿಡುಗಡೆಯನ್ನು ಸಾರುವ ಕಾಗದದ ಮೇಲೂ ಆಳಿದವರ ಕಾಲಗಣನೆ ಉಳಿದುಬಿಟ್ಟಿದೆ. ಮಕ್ಕಳಿಗೆ ಪಾಠ ಹೇಳಿದ ನಿಮಗೆ ಆ ಎರಡು ಅಂಕಿಗಳ ಮುಂದೆ ಬಹಳ ಹೊತ್ತು ನಿಲ್ಲಬೇಕೆನಿಸಬಹುದು.

ನೀವು ಕೇಳುವ ದನಿ ಆ ಬೆಳಗಿನದಲ್ಲ ಎಂಬುದನ್ನೂ ತಿಳಿಸಬೇಕು. ಅಂದು ಧ್ವನಿಮುದ್ರಣವಾಗಿರಲಿಲ್ಲ, 1951ರಲ್ಲಿ ರೇಡಿಯೊ ಕೇಂದ್ರದಲ್ಲಿ ಸುಕಾರ್ನೊ ಅದನ್ನು ಮತ್ತೊಮ್ಮೆ ಓದಿದ್ದನ್ನೇ ಈಗ ಕೇಳಿಸುತ್ತಾರೆ. ಇದು ತಿಳಿದ ಮೇಲೂ ನನ್ನ ಪಾಲಿಗೆ ಆ ದನಿಯ ತೂಕ ಕಡಿಮೆಯಾಗಲಿಲ್ಲ. ಏಕೆಂದರೆ 1961ರ ಆಗಸ್ಟ್ 17ರಂದು ಈ ಸ್ಮಾರಕದ ಕೆಲಸಕ್ಕೆ ಚಾಲನೆ ಕೊಟ್ಟ ಸುಕಾರ್ನೊ ಅಧಿಕಾರ ಕಳೆದುಕೊಂಡು, ಗೃಹಬಂಧನದಲ್ಲಿದ್ದು, 1970ರಲ್ಲಿ ತೀರಿಕೊಂಡರು. ಸಾರ್ವಜನಿಕರಿಗೆ ಬಾಗಿಲು ತೆರೆದದ್ದು 1975ರ ಜುಲೈ 12ರಂದು. ತಾವು ಕಾಣದೆ ಹೋದ ಆ ದಿನದ ನಂತರವೂ ಅಲ್ಲಿ ಮಾತನಾಡುತ್ತಿರುವವರು ಅವರೇ.

ನೆಲದಡಿಯ ವಸ್ತುಸಂಗ್ರಹಾಲಯದಲ್ಲಿ ಗಾಜಿನ ಹಿಂದೆ 51 ದೃಶ್ಯಾವಳಿಗಳಿವೆ. ಎಲ್ಲವನ್ನೂ ನೋಡುವ ಹಟ ಬೇಡ; ಬೊರೊಬುದುರ್ ಬೌದ್ಧ ಸ್ತೂಪ, ಮಜಾಪಹಿತ್ ಸಾಮ್ರಾಜ್ಯ ಮತ್ತು 1945ರ ದೃಶ್ಯಗಳ ಮುಂದೆ ನಿಂತರೆ ಸಾಕು. ಕೊನೆಯ ಭಾಗದಲ್ಲಿ 1965ರ ನಂತರದ ಇತಿಹಾಸವನ್ನು, ಸುಕಾರ್ನೊ ಬಳಿಕ ಅಧಿಕಾರ ಹಿಡಿದ ಸುಹಾರ್ತೊ ಅವರ ಸರ್ಕಾರ ಹೇಳಬಯಸಿದ ರೀತಿಯಲ್ಲಿ ತೋರಿಸಲಾಗಿದೆ ಎಂಬ ಎಚ್ಚರವಿರಲಿ.

ಇನ್ನು ನಿಮ್ಮ ಮಂಡಿಯ ಮಾತು. ಸ್ಮಾರಕದ ಒಳಕ್ಕೆ ಉತ್ತರ ದಿಕ್ಕಿನ ಸುರಂಗದ ಮೂಲಕ ಹೋಗಬೇಕು. ಅಲ್ಲಿ ಇಳಿಯುವುದಕ್ಕೂ, ಸಂಗ್ರಹಾಲಯದಿಂದ ಸಭಾಂಗಣಕ್ಕೆ ಬರುವುದಕ್ಕೂ ಮೆಟ್ಟಿಲುಗಳಿವೆ. ಸುಮಾರು 80 ಹೆಕ್ಟೇರ್ ವಿಸ್ತಾರದ ಮೈದಾನದಲ್ಲಿ ಬಿಸಿಲಿಗೆ ನಡೆಯುವುದು ಇದಕ್ಕಿಂತ ಕಷ್ಟ, ಆದ್ದರಿಂದ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ತಲುಪಿ. ಸೋಮವಾರ ರಜೆ, ಶನಿವಾರ, ಭಾನುವಾರ ಲಿಫ್ಟಿನ ಸಾಲು ಬಹಳ ಉದ್ದ. ಆಗಸ್ಟ್ 17ರಂದು ಎದುರಿನ ಮೆರ್ದೇಕಾ ಅರಮನೆಯಲ್ಲಿ ಸಮಾರಂಭವಿರುವುದರಿಂದ ಸುತ್ತಲಿನ ರಸ್ತೆಗಳಲ್ಲಿ ನಿರ್ಬಂಧವಿರುತ್ತದೆ. ಆ ದಿನವನ್ನು ಬಿಟ್ಟು ಅದೇ ವಾರದ ಇನ್ನೊಂದು ದಿನ ಹೋದರೆ ಹಬ್ಬದ ಸಡಗರವೂ ಸಿಗುತ್ತದೆ.

ಒಂದು ಸಂಜೆಯನ್ನು ಪ್ರೊಕ್ಲಮಾಸಿ ರಸ್ತೆಗೆ ಮೀಸಲಿಡಿ. ಘೋಷಣೆ ಓದಿದ ಮನೆ ಇದ್ದದ್ದು ಅಲ್ಲಿ. 1960ರ ದಶಕದಲ್ಲಿ ಅದನ್ನು ಕೆಡವಲಾಯಿತು; ಈಗಿರುವುದು ಸುಕಾರ್ನೊ, ಹತ್ತಾ ಇಬ್ಬರ ಎತ್ತರದ ಪ್ರತಿಮೆಗಳಿರುವ ಉದ್ಯಾನ. ಮಾಯೆಡ ಅವರ ಮನೆ ಮಾತ್ರ ಇಮಾಮ್ ಬೊಂಜೋಲ್ ರಸ್ತೆಯಲ್ಲಿ ವಸ್ತುಸಂಗ್ರಹಾಲಯವಾಗಿ ಉಳಿದಿದೆ.

ಪ್ರಶ್ನೆ: ಬಹುಸಂಖ್ಯಾತರು ಮುಸ್ಲಿಮರಾಗಿರುವ ಇಂಡೊನೇಷ್ಯಾದ ಸ್ವಾತಂತ್ರ್ಯ ಸ್ಮಾರಕವು ಶಿವಲಿಂಗದ ಆಕಾರದಲ್ಲಿದೆ ಎಂಬ ವಾಟ್ಸ್‌ಆ್ಯಪ್ ಸಂದೇಶ ನಮ್ಮ ಮನೆಯಲ್ಲಿ ದೊಡ್ಡ ಚರ್ಚೆಗೆ ಕಾರಣವಾಗಿದೆ. ಇದು ನಿಜವೇ?
— ಓದುಗರು, ಉಡುಪಿ

ಉತ್ತರ: ಮಾತಿನಲ್ಲಿ ಸತ್ಯಾಂಶವಿದೆ, ಆದರೆ ಸಂದೇಶ ಅಲ್ಲಿಗೇ ನಿಲ್ಲಿಸಿದರೆ ತಪ್ಪು ತಿಳಿವಳಿಕೆಯಾಗುತ್ತದೆ. ಮೇಲೇಳುವ ಸ್ತಂಭ ಲಿಂಗ, ಕೆಳಗಿನ ಅಗಲವಾದ ಬಟ್ಟಲು ಯೋನಿ ಎಂಬುದು ವಿನ್ಯಾಸದ ಮೂಲಕಲ್ಪನೆಯೇ ಹೌದು. ಅಲ್ಲಿ ಅದು ಗಂಡು ಹೆಣ್ಣುಗಳ, ಸೃಷ್ಟಿಯ, ಫಲವಂತಿಕೆಯ ಸಂಕೇತವಾಗಿದೆ, ಪೂಜೆಯ ವಸ್ತುವಲ್ಲ. ಜೊತೆಗೆ ಅದೇ ಆಕಾರದಲ್ಲಿ ಒನಕೆಯನ್ನೂ ಒರಳನ್ನೂ ಕಾಣಬೇಕೆಂಬ ಆಶಯವೂ ಇದೆ. ಭತ್ತ ಕುಟ್ಟುವ ಈ ಜೋಡಿ ಆ ದೇಶದ ಹಳ್ಳಿಮನೆಗಳಲ್ಲಿ, ಯಾವ ಧರ್ಮದವರಿದ್ದರೂ, ಇದ್ದೇ ಇತ್ತು. ನನಗೆ ಈ ಎರಡನೆಯ ಅರ್ಥವೇ ಹೆಚ್ಚು ಆತ್ಮೀಯವಾದದ್ದು.

ವಿನ್ಯಾಸಕ್ಕಾಗಿ 1955ರಲ್ಲಿ ನಡೆದ ಸ್ಪರ್ಧೆಗೆ 51, 1960ರದಕ್ಕೆ 136 ನಮೂನೆಗಳು ಬಂದರೂ ತೀರ್ಮಾನ ಸಿಗಲಿಲ್ಲ. ಸ್ವತಃ ಸಿವಿಲ್ ಎಂಜಿನಿಯರಿಂಗ್ ಓದಿದ್ದ ಸುಕಾರ್ನೊ, ಫ್ರೆಡ್ರಿಕ್ ಸಿಲಾಬಾನ್ ಮತ್ತು ಸುದರ್ಸೊನೊ ಎಂಬ ವಾಸ್ತುಶಿಲ್ಪಿಗಳಿಗೆ ಹೊಣೆ ಕೊಟ್ಟರು. ಸಿಲಾಬಾನ್ ಕ್ರೈಸ್ತರು, ಮೈದಾನದ ಈಶಾನ್ಯಕ್ಕಿರುವ ಇಸ್ತಿಕ್ಲಾಲ್ ಮಸೀದಿಯನ್ನು ವಿನ್ಯಾಸಗೊಳಿಸಿದವರೂ ಅವರೇ. ಬಟ್ಟಲಿನ ಮೇಲಿನ ಅಂಗಳ 45 ಮೀಟರ್ ಚೌಕವಾಗಿದೆ. ಘೋಷಣೆಯ ದಿನ, ತಿಂಗಳು, ಇಸವಿಗಳಾದ 17, 8, 45 ಎಂಬ ಅಂಕಿಗಳನ್ನು ಕಟ್ಟಡದ ಅಳತೆಗಳಲ್ಲಿ ಅಡಗಿಸಲಾಗಿದೆ; ಈ 45 ಅವುಗಳಲ್ಲೊಂದು. ತುದಿಯ ಕಂಚಿನ ಜ್ವಾಲೆಯ ತೂಕ 14.5 ಟನ್; ಅದರ ಮೇಲಿದ್ದ 35 ಕಿಲೊ ಚಿನ್ನವನ್ನು ಸ್ವಾತಂತ್ರ್ಯದ 50ನೆಯ ವರ್ಷವಾದ 1995ರಲ್ಲಿ 50 ಕಿಲೊಗೆ ಹೆಚ್ಚಿಸಲಾಯಿತು.

ಸ್ವಾತಂತ್ರ್ಯಕ್ಕೆ ಅವರು ಬಳಸುವ ‘ಮೆರ್ದೇಕಾ’ ಎಂಬ ಮಾತು ಸಂಸ್ಕೃತದ ಮಹರ್ಧಿಕ ಶಬ್ದದಿಂದ ಬಂದದ್ದು. ಗರುಡ ಲಾಂಛನದ ಧ್ಯೇಯವಾಕ್ಯ ಮಜಾಪಹಿತ್ ಕಾಲದ ಹಳೆಯ ಜಾವಾ ಕಾವ್ಯದ್ದು. ಸಿರಿವಂತ, ಪ್ರಬಲ ಎಂಬ ಅರ್ಥದ ಆ ಮಹರ್ಧಿಕ ಪದ ಸಮುದ್ರ ದಾಟಿ ಯಾರ ಹಂಗಿಲ್ಲದವನು ಎಂಬ ಅರ್ಥವನ್ನು ಪಡೆದದ್ದು ಅವರ ನಾಡಿನಲ್ಲಿ, ಅವರ ಬಾಯಿಯಲ್ಲಿ. ನಿಮ್ಮ ಮನೆಯ ಚರ್ಚೆ ಈ ದಿಕ್ಕಿಗೆ ತಿರುಗಿದರೆ ನನಗೆ ಸಂತೋಷ.

ಪ್ರಶ್ನೆ: ಇಂಡೊನೇಷ್ಯಾದ ಸ್ವಾತಂತ್ರ್ಯಕ್ಕೆ ಭಾರತ ನೆರವಾಯಿತೇ?
— ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಎರಡು ಬಗೆಯ ನೆನಪುಗಳಿವೆ, ಎರಡನ್ನೂ ಹೇಳಬೇಕು. 1945ರಲ್ಲಿ ಸುರಬಾಯ ನಗರದಲ್ಲಿ ಇಂಡೊನೇಷ್ಯಾದ ಹೋರಾಟಗಾರರ ಎದುರು ನಿಂತ ಬ್ರಿಟಿಷ್ ಸೇನೆಯಲ್ಲಿ ಭಾರತೀಯ ಸೈನಿಕರಿದ್ದರು. ಅವರಲ್ಲಿ ಕೆಲವರು ಸೇನೆ ತೊರೆದು ಹೋರಾಟಗಾರರ ಜೊತೆ ಸೇರಿದರು. ಜಪಾನಿಗಿಂತ ಮೊದಲು ಆ ದೇಶವನ್ನು ಆಳಿದ್ದ ಡಚ್ಚರು ಅದನ್ನು ಮರಳಿ ಹಿಡಿಯಲು 1947ರಲ್ಲಿ ನಡೆಸಿದ ದಾಳಿಯ ನಡುವೆ ಬಿಜು ಪಟ್ನಾಯಕ್ ಜಾವಾಕ್ಕೆ ವಿಮಾನ ಹಾರಿಸಿಕೊಂಡು ಹೋಗಿ ನಾಯಕ ಶಹರಿರ್ ಅವರನ್ನು ಭಾರತಕ್ಕೆ ಕರೆತಂದರು. 1949ರ ಜನವರಿಯಲ್ಲಿ ನೆಹರೂ ದೆಹಲಿಯಲ್ಲಿ ಇಂಡೊನೇಷ್ಯಾದ ಪರವಾಗಿ ಹಲವು ದೇಶಗಳ ಸಮ್ಮೇಳನ ಕರೆದರು. ಅದೇ ವರ್ಷದ ಡಿಸೆಂಬರ್ 27ರಂದು ಡಚ್ಚರು ಅಧಿಕಾರ ಹಸ್ತಾಂತರಿಸಿದರು. ತಿಂಗಳು ಕಳೆಯುತ್ತಿದ್ದಂತೆ, 1950ರ ಜನವರಿ 26ರಂದು, ನಮ್ಮ ಮೊದಲ ಗಣರಾಜ್ಯೋತ್ಸವದ ಮುಖ್ಯ ಅತಿಥಿಯಾಗಿ ದೆಹಲಿಯಲ್ಲಿದ್ದವರು ಸುಕಾರ್ನೊ.