ರಿಪೋರ್ಟ್ ನಾರ್ಮಲ್ ಅಂದರೆ ನಾಟಕ ಅಂತಲ್ಲ

ಓದುಗರ ಪತ್ರ: ನನ್ನ ತಂಗಿಗೆ 24 ವರ್ಷ, ಮದುವೆಯಾಗಿ ಮೂರು ವರ್ಷವಾಯಿತು. ಎರಡು ವರ್ಷದಿಂದ ಫಿಟ್ಸ್ ಥರ ಬರುತ್ತಿದೆ. ಬಂದು ಹೋದ ಮೇಲೆ ಒಂದು ದಿನ ಎಡಗಾಲು ಎತ್ತಲು ಆಗುವುದಿಲ್ಲ. ಸ್ಕ್ಯಾನ್, ಇಇಜಿ (ಮಿದುಳಿನ ವಿದ್ಯುತ್ ಅಳೆಯುವ ಪರೀಕ್ಷೆ) ಎರಡೂ ನಾರ್ಮಲ್. ‘ಏನೂ ಇಲ್ಲ, ಟೆನ್ಷನ್ ಅಷ್ಟೇ’ ಅಂದರು ಡಾಕ್ಟರು. ಫಿಟ್ಸ್ ಮಾತ್ರೆ ಮಾತ್ರ ನಡೀತಾನೇ ಇದೆ. ಹೋದ ಸಂಚಿಕೆಯಲ್ಲಿ ನೀವು ‘ಹಿಸ್ಟೀರಿಯಾ: ಗಮನ ಸೆಳೆಯುವ ಕಾಯಿಲೆ’ ಎಂದು ಬರೆದಿರಿ. ಅವಳ ಅತ್ತೆ ಅದನ್ನು ಮನೆಗೆ ಬಂದವರಿಗೆಲ್ಲ ತೋರಿಸುತ್ತಿದ್ದಾರೆ. ನಿಜ ಹೇಳಿ, ಅವಳು ನಾಟಕ ಮಾಡುತ್ತಿದ್ದಾಳಾ?
– ಒಬ್ಬ ಅಣ್ಣ, ಶಿರಾ ತಾಲ್ಲೂಕು

ಸಂಪಾದಕರ ಉತ್ತರ: ಆ ತಲೆಬರಹ ಕೊಟ್ಟದ್ದು ನಾನೇ. ತಪ್ಪಾಯಿತು. ಅದರ ಪೆಟ್ಟು ನಿಮ್ಮ ತಂಗಿಗೆ ಬಿತ್ತಲ್ಲ ಎಂದು ನಾಚಿಕೆಯಾಗುತ್ತಿದೆ.

ಹಿಸ್ಟೀರಿಯಾ ಎಂಬ ಪದವನ್ನೇ ಬಳಸಬಾರದಿತ್ತು. ಗ್ರೀಕಿನಲ್ಲಿ ಗರ್ಭಕೋಶಕ್ಕಿರುವ ಹೆಸರಿನಿಂದ ಹುಟ್ಟಿದ ಪದ ಅದು. ಹೆಂಗಸರಿಗಷ್ಟೇ ಬರುವ ಕಾಯಿಲೆ ಎಂಬ ನಂಬಿಕೆ ಅದರೊಳಗೇ ಕೂತಿದೆ. ಆದರೆ ಮೊದಲ ಮಹಾಯುದ್ಧದಲ್ಲಿ ಮೈಮೇಲೆ ಒಂದು ಗಾಯವೂ ಇಲ್ಲದ ಎಷ್ಟೋ ಸೈನಿಕರಿಗೆ ಮಾತು ನಿಂತಿತು, ಕಾಲು ಸೋತಿತು, ಮೈ ನಡುಕ ಹಿಡಿಯಿತು. ಅಮೆರಿಕದ ಮನೋವೈದ್ಯರು 1980ರಲ್ಲೇ ತಮ್ಮ ಕೈಪಿಡಿಯಿಂದ ಹಿಸ್ಟೀರಿಯಾ ಎಂಬ ಕಾಯಿಲೆಯ ಹೆಸರನ್ನು ತೆಗೆದರು. ನಾವು ಇನ್ನೂ ಅಚ್ಚು ಹಾಕುತ್ತಾ ಕೂತಿದ್ದೇವೆ.

ನಾನು ಡಾಕ್ಟರಲ್ಲ, ಪತ್ರ ಓದಿ ಕಾಯಿಲೆಯ ಹೆಸರು ಹೇಳಲಾರೆ. ಆದರೆ ಡಿಸೋಸಿಯೇಟಿವ್ ಫಿಟ್ಸ್ ಎಂಬುದೊಂದಿದೆ. ಅದರಲ್ಲಿ ಮೂರ್ಛೆರೋಗದಲ್ಲಿ ಕಾಣುವ ಮಿದುಳಿನ ವಿದ್ಯುತ್ ಏರುಪೇರು ಇರುವುದಿಲ್ಲ. ಮೈ ಮೇಲಿನ ಹಿಡಿತವಂತೂ ತಪ್ಪಿಯೇ ಇರುತ್ತದೆ. ಬೇಕೆಂದು ಮಾಡುವುದಲ್ಲ, ಬೇಡವೆಂದರೆ ನಿಲ್ಲುವುದೂ ಇಲ್ಲ. ಪರೀಕ್ಷೆಯ ದಿನ ಬೆಳಿಗ್ಗೆ ಹೊಟ್ಟೆ ಕೆಡುತ್ತದಲ್ಲ, ಅದೇನು ನಾಟಕವಾ? ಎಷ್ಟೋ ಜನರಲ್ಲಿ ಇದರ ಹಿಂದೆ ಭಯ, ಪೆಟ್ಟು, ನುಂಗಿಕೊಂಡ ದುಃಖ ಇರುತ್ತದೆ. ಕೆಲವರಲ್ಲಿ ಅಂಥದ್ದೇನೂ ಸಿಗುವುದಿಲ್ಲ. ಹಾಗಾಗಿ ‘ಏನಾಯ್ತು ಹೇಳು’ ಎಂದು ಅವಳನ್ನು ಕೆದಕಬೇಡಿ.

ಆ ಎಡಗಾಲಿನ ಬಗ್ಗೆ ಒಂದು ಸ್ವಾರಸ್ಯದ ಪರೀಕ್ಷೆ ಇದೆ. 1908ರಲ್ಲಿ ಹೂವರ್ ಎಂಬ ಅಮೆರಿಕದ ವೈದ್ಯರು ಬರೆದದ್ದು. ಮಲಗಿಸಿ, ಸೋತ ಕಾಲಿನ ಹಿಮ್ಮಡಿಯನ್ನು ಹಾಸಿಗೆಗೆ ಒತ್ತಲು ಹೇಳುತ್ತಾರೆ. ಆಗುವುದಿಲ್ಲ. ಆಮೇಲೆ ಗಟ್ಟಿ ಕಾಲನ್ನು ಎತ್ತಲು ಹೇಳಿ ಮೇಲಿನಿಂದ ತಡೆಯುತ್ತಾರೆ. ಕಾಲು ಸೋತಿರುವುದು ಈ ಥರದ ಕಾಯಿಲೆಯಿಂದಾದರೆ, ಆಗ ಸೋತ ಕಾಲು ತಾನಾಗಿಯೇ ಬಲವಾಗಿ ಕೆಳಗೆ ಒತ್ತುತ್ತದೆ! ಅಂದರೆ ನರ, ಸ್ನಾಯು ಎರಡೂ ಸರಿಯಿವೆ, ಬೇಕೆಂದಾಗ ಬಲ ಸಿಗುತ್ತಿಲ್ಲ. ಇದನ್ನು ‘ಸಿಕ್ಕಿಬಿದ್ದೆ ನೋಡು’ ಎನ್ನಲು ಬಳಸಬಾರದು. ‘ನೋಡಮ್ಮ, ಕಾಲಿನಲ್ಲಿ ಶಕ್ತಿ ಇದೆ, ವಾಪಸ್ ತರಬಹುದು’ ಎಂದು ತೋರಿಸಲು ಬಳಸಬೇಕು. ಒಳ್ಳೆಯ ವೈದ್ಯರು ಹಾಗೇ ಮಾಡುತ್ತಾರೆ. ಚಿಕಿತ್ಸೆ ಶುರುವಾಗುವುದೇ ಅಲ್ಲಿಂದ. ‘ಏನೂ ಇಲ್ಲ’ ಎಂದು ಕಳಿಸಿದರೆ ಶುರುವೇ ಆಗಲಿಲ್ಲ ಅಂತ.

ಆದರೆ ಇಇಜಿ ನಾರ್ಮಲ್ ಎಂದ ಮಾತ್ರಕ್ಕೆ ಮೂರ್ಛೆರೋಗ ಇಲ್ಲವೆಂದೂ ಅಲ್ಲ. ಫಿಟ್ಸ್ ಇಲ್ಲದ ಹೊತ್ತಿನಲ್ಲಿ ಮೂರ್ಛೆರೋಗಿಗಳ ಇಇಜಿಯೂ ಸರಿಯಾಗಿ ಬರಬಹುದು. ಕೆಲವರಿಗೆ ಎರಡೂ ಕಾಯಿಲೆ ಇರುತ್ತವೆ. ಖಚಿತವಾಗಬೇಕಾದರೆ ಫಿಟ್ಸ್ ಬಂದಾಗಲೇ ಕ್ಯಾಮೆರಾ ಇಟ್ಟು ಇಇಜಿ ತೆಗೆಯಬೇಕು. ಅದಕ್ಕೆ ವಿಡಿಯೋ ಇಇಜಿ ಎನ್ನುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಆ ಸೌಲಭ್ಯ ಇದೆ. ಸದ್ಯಕ್ಕೆ ಮೊಬೈಲಿನಲ್ಲಿ ಒಂದು ವಿಡಿಯೋ ಮಾಡಿಕೊಂಡರೂ ವೈದ್ಯರಿಗೆ ತುಂಬಾ ಉಪಯೋಗ. ಅವಳನ್ನು ಮೊದಲೇ ಕೇಳಿ, ಒಪ್ಪಿದರೆ ಮಾತ್ರ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಬೇಡವಾದರೆ ವೈದ್ಯರೇ ಮೆಲ್ಲಗೆ ಇಳಿಸುತ್ತಾರೆ. ಫಿಟ್ಸ್ ಮಾತ್ರೆಗಳಲ್ಲಿ ಕೆಲವು ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡುತ್ತವೆ. ಆ ವಿಷಯವನ್ನೂ ಕೇಳಿಕೊಳ್ಳಿ.

ಚಿಕಿತ್ಸೆ ಹೆಚ್ಚಾಗಿ ಮಾತಿನದು. ಫಿಟ್ಸ್‌ಗೆ ಮುಂಚೆ ಮೈಯಲ್ಲಿ ಏನಾಗುತ್ತದೆ ಎಂದು ಗುರುತಿಸುವುದು, ಆಗ ಗಮನ ಬೇರೆ ಕಡೆ ತಿರುಗಿಸುವುದು, ಹೆದರಿ ಬಿಟ್ಟ ಕೆಲಸಗಳಿಗೆ ಮೆಲ್ಲಗೆ ಮರಳುವುದು. ಕಾಲಿಗೆ ಫಿಸಿಯೋಥೆರಪಿ. ಜೊತೆಗೆ ಖಿನ್ನತೆ ಇದ್ದರೆ ಅದಕ್ಕೆ ಮಾತ್ರೆ. ಪವಾಡ ಕಾಯಬೇಡಿ. ಬ್ರಿಟನ್ನಿನಲ್ಲಿ 368 ಜನರ ಮೇಲೆ ನಡೆದ ಅಧ್ಯಯನವೊಂದು 2020ರಲ್ಲಿ ಬಂತು. ಮಾಮೂಲು ಚಿಕಿತ್ಸೆಯ ಜೊತೆ ಈ ಥರದ ಮಾತಿನ ಚಿಕಿತ್ಸೆ ಕೊಟ್ಟರೂ ತಿಂಗಳಿಗೆ ಬರುವ ಫಿಟ್ಸ್ ಸಂಖ್ಯೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಆದರೆ ಅದರ ಕಾಟ ಕಡಿಮೆಯಾಯಿತು, ಬದುಕು ಸುಧಾರಿಸಿತು. ನನಗಂತೂ ಅದು ಸಣ್ಣ ಲಾಭ ಅನ್ನಿಸುವುದಿಲ್ಲ.

ಫಿಟ್ಸ್ ಬಂದಾಗ ಕೈಗೆ ಕಬ್ಬಿಣ, ಮೂಗಿಗೆ ಈರುಳ್ಳಿ, ಬಾಯಿಗೆ ನೀರು ಯಾವುದೂ ಬೇಡ. ಪಕ್ಕಕ್ಕೆ ಹೊರಳಿಸಿ, ಪೆಟ್ಟಾಗದಂತೆ ನೋಡಿಕೊಳ್ಳಿ, ಮೆಲ್ಲಗೆ ಮಾತಾಡಿಸಿ. ಕಾಯಿಲೆ ಯಾವುದೆಂದು ಖಚಿತವಾಗುವವರೆಗೆ, ಐದು ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ. ದೇವಸ್ಥಾನಕ್ಕೆ ಹೋದರೆ ಅವಳಿಗೆ ಸಮಾಧಾನ ಸಿಗುತ್ತದಾ, ಹೋಗಿಬನ್ನಿ. ದೆವ್ವ ಬಿಡಿಸುತ್ತೇವೆ ಎಂದು ಬೇವಿನ ಬರಲು ಹಿಡಿದವರ ಹತ್ತಿರ ಮಾತ್ರ ಬೇಡ.

ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ತಿದ್ದುಪಡಿ ಇದೇ ಸಂಚಿಕೆಯ ಆರೋಗ್ಯ ಪುಟದಲ್ಲಿ, ಅದೇ ಜಾಗದಲ್ಲಿ, ಅಷ್ಟೇ ದಪ್ಪ ಅಕ್ಷರದಲ್ಲಿ ಇದೆ. ಅತ್ತೆಯವರ ಹತ್ತಿರ ಆ ಹಳೆಯ ಸಂಚಿಕೆ ಇನ್ನೂ ಇದ್ದರೆ, ದಯವಿಟ್ಟು ಇದನ್ನೂ ಅವರ ಕೈಗೆ ಕೊಡಿ.