ಡಿಫೆಂಡರ್ ಹುಡುಗನಿಗೆ ಕೊಂಪನಿಯ ಕಥೆ

ಪ್ರಶ್ನೆ: ನನ್ನ ಮಗನಿಗೆ 14 ವರ್ಷ, ಶಾಲೆಯ ಫುಟ್‌ಬಾಲ್ ತಂಡದಲ್ಲಿ ಸೆಂಟರ್ ಬ್ಯಾಕ್, ಅಂದರೆ ಗೋಲಿನ ಮುಂದೆ ನಡುವಲ್ಲಿ ನಿಂತು ತಡೆಯುವ ಡಿಫೆಂಡರ್. ಗೋಲು ಹೊಡೆದವರನ್ನೇ ಎಲ್ಲರೂ ಹೊಗಳುತ್ತಾರೆ, ನನ್ನನ್ನು ಯಾರೂ ಕೇಳಲ್ಲ ಅಂತ ಮುಖ ಸಣ್ಣ ಮಾಡಿಕೊಂಡು ಬರುತ್ತಾನೆ. ಅವನಿಗೆ ಹೇಳಲು ಒಬ್ಬ ಒಳ್ಳೆ ಡಿಫೆಂಡರ್‌ನ ಕಥೆ ಇದ್ದರೆ ತಿಳಿಸಿ.
– ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ಅವನ ಬೇಜಾರು ಸುಳ್ಳಲ್ಲ, ಸುಮ್ನೆ ಸಮಾಧಾನ ಹೇಳಿ ಕಳಿಸಬೇಡಿ. ಡಿಫೆಂಡರ್ ಚೆನ್ನಾಗಿ ಆಡಿದ ದಿನ ಅಲ್ಲಿ ಏನೂ ಆಗಿರುವುದಿಲ್ಲ. ಏನೂ ಆಗದ್ದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ ಹೇಳಿ?

ಬೆಲ್ಜಿಯಂನ ಡಿಫೆಂಡರ್ ವಿನ್ಸೆಂಟ್ ಕೊಂಪನಿಯ ಕಥೆ ಹೇಳಿ. 1986ರಲ್ಲಿ ಬ್ರಸೆಲ್ಸ್‌ನಲ್ಲಿ ಹುಟ್ಟಿದವರು. ಅದೇ ಊರಿನ ಆಂಡರ್ಲೆಕ್ಟ್ ಕ್ಲಬ್‌ನಲ್ಲಿ ಬೆಳೆದು, 17ನೇ ವಯಸ್ಸಿಗೆ ಅದರ ಮೊದಲ ತಂಡದಲ್ಲಿದ್ದರು, ಅದೇ ವಯಸ್ಸಿನಲ್ಲಿ ಬೆಲ್ಜಿಯಂ ತಂಡಕ್ಕೂ ಆಡಿದರು. 2006ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ಗೆ ಹೋದರು. 2008ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸಿಟಿಗೆ ಬಂದರು, ಅಂದರೆ ಅಬುಧಾಬಿಯ ಹಣ ಆ ಕ್ಲಬ್‌ಗೆ ಬರುವುದಕ್ಕೆ ಕೆಲವೇ ದಿನ ಮೊದಲು. ಹಾಗಾಗಿ ದುಡ್ಡು ಸುರಿದು ತಂದ ಸ್ಟಾರ್ ಆಗಿರಲಿಲ್ಲ. ಮೊದಮೊದಲು ಮಿಡ್‌ಫೀಲ್ಡ್‌ನಲ್ಲಿ ಆಡಿಸಿದರು, ಆಮೇಲೆ ಸೆಂಟರ್ ಬ್ಯಾಕ್ ಜಾಗದಲ್ಲಿ ಗಟ್ಟಿಯಾಗಿ ನಿಂತರು. 2011ರಲ್ಲಿ ಕ್ಯಾಪ್ಟನ್ ಆದರು.

ಈಗ ನಿಮ್ಮ ಮಗನಿಗೆ ಹೇಳಲೇಬೇಕಾದ ಭಾಗ. 2012ರ ಜನವರಿಯಲ್ಲಿ, ಅದೇ ಊರಿನ ಎದುರಾಳಿ ಮ್ಯಾಂಚೆಸ್ಟರ್ ಯುನೈಟೆಡ್ ಜೊತೆ ಎಫ್‌ಎ ಕಪ್ (ಇಂಗ್ಲೆಂಡಿನ ನಾಕೌಟ್ ಪಂದ್ಯಾವಳಿ) ಪಂದ್ಯದ ಶುರುವಿನಲ್ಲೇ, ಎರಡೂ ಕಾಲು ಚಾಚಿ ಟ್ಯಾಕಲ್ ಮಾಡಿದರು ಅಂತ ರೆಡ್ ಕಾರ್ಡ್ ಸಿಕ್ಕಿತು. ನಾಲ್ಕು ಪಂದ್ಯ ಆಡುವ ಹಾಗಿಲ್ಲ. ಸಿಟಿ ಆ ಪಂದ್ಯ ಸೋತಿತು. ಸುಮಾರು ನಾಲ್ಕು ತಿಂಗಳ ನಂತರ, ಏಪ್ರಿಲ್ 30ರಂದು, ಅದೇ ಮೈದಾನ, ಅದೇ ಯುನೈಟೆಡ್. ಇಂಗ್ಲೆಂಡಿನ ಲೀಗ್ ಯಾರ ಕೈಗೆ ಅನ್ನುವುದು ಆ ರಾತ್ರಿಯ ಮೇಲೆ ನಿಂತಿತ್ತು. ಮೊದಲರ್ಧ ಮುಗಿಯುವ ಹೊತ್ತಿಗೆ ಡೇವಿಡ್ ಸಿಲ್ವಾ ಕಾರ್ನರ್ ಹಾಕಿದರು, ಕೊಂಪನಿ ಎಲ್ಲರಿಗಿಂತ ಎತ್ತರಕ್ಕೆ ಹಾರಿ ಹೆಡರ್ ಹೊಡೆದರು. 1-0. ಅದೇ ಕೊನೆಯ ಸ್ಕೋರ್. ಎರಡು ವಾರದ ನಂತರ ಎರಡೂ ತಂಡಕ್ಕೆ ತಲಾ 89 ಅಂಕ ಬಂದು, ಗೋಲುಗಳ ವ್ಯತ್ಯಾಸದಲ್ಲಿ ಸಿಟಿ ಗೆದ್ದಿತು. 44 ವರ್ಷದ ಮೇಲೆ ಬಂದ ಆ ಲೀಗ್‌ನ ಟ್ರೋಫಿಯನ್ನು ಎತ್ತಿದ್ದು ಒಬ್ಬ ಡಿಫೆಂಡರ್.

ಪ್ರಶ್ನೆ: ಕೊಂಪನಿ ಆಡಿದ್ದಕ್ಕಿಂತ ಗಾಯವಾಗಿ ಹೊರಗೆ ಕೂತಿದ್ದೇ ಜಾಸ್ತಿ ಅಲ್ವಾ? ಅಂಥವರನ್ನು ಅಷ್ಟು ದೊಡ್ಡವರು ಅನ್ನುವುದು ಯಾಕೆ?
– ಕಾಲೇಜು ವಿದ್ಯಾರ್ಥಿ, ಮಂಗಳೂರು

ಉತ್ತರ: ಸಿಟಿಗೆ 360 ಪಂದ್ಯ, ಬೆಲ್ಜಿಯಂಗೆ 89. ಆದ್ದರಿಂದ "ಜಾಸ್ತಿ" ಅನ್ನುವುದನ್ನು ನಾನು ಒಪ್ಪಲ್ಲ. ಆದರೆ ಗಾಯದ ಮಾತು ನಿಜ. ಮೀನಖಂಡದ ಸ್ನಾಯು ಮತ್ತೆ ಮತ್ತೆ ಕೈ ಕೊಡುತ್ತಿತ್ತು. 2016ರ ಯುರೋ ಕಪ್‌ಗೆ ಹೋಗಲು ಆಗಲೇ ಇಲ್ಲ. 2018ರ ವಿಶ್ವಕಪ್‌ಗೆ ಸ್ವಲ್ಪ ಮೊದಲು ಪೋರ್ಚುಗಲ್ ಜೊತೆ ಆಡುವಾಗ ತೊಡೆಸಂದು ಹಿಡಿದುಕೊಂಡಿತು, ಆದರೂ ತಂಡದಲ್ಲಿ ಉಳಿಸಿಕೊಂಡರು. ಜಪಾನ್ ಎದುರು 0-2 ಹಿಂದಿದ್ದು 3-2 ಗೆದ್ದಾಗ, ಬ್ರೆಜಿಲ್ ತಂಡವನ್ನು 2-1ರಿಂದ ಮನೆಗೆ ಕಳಿಸಿದಾಗ, ಎರಡರಲ್ಲೂ ಅವರು ಮೈದಾನದಲ್ಲಿದ್ದರು. ಬೆಲ್ಜಿಯಂಗೆ ಮೂರನೇ ಸ್ಥಾನ ಬಂತು.

ಗಾಯದಿಂದ ಎದ್ದು ಬರುವುದೇ ಕಷ್ಟ. ಅದರಲ್ಲೂ ಡಿಫೆಂಡರ್ ವಾಪಸ್ ಬಂದ ದಿನವೇ ಒಂದು ಹೆಜ್ಜೆ ತಡವಾದರೆ ಗೋಲು ಬಿತ್ತು ಅಂತಲೇ. ಸ್ಟ್ರೈಕರ್‌ಗೆ ಆ ಕಷ್ಟ ಇಷ್ಟಿಲ್ಲ. ಈ ಮನುಷ್ಯ ಎಷ್ಟೋ ಸಲ ಹಾಗೆ ಬಂದರು, ಬಂದ ಕೂಡಲೇ ಪಕ್ಕದಲ್ಲಿ ಆಡುವವರಿಗೂ ಧೈರ್ಯ ಬರುತ್ತಿತ್ತು. ಅದಕ್ಕೇ ನನಗೆ ಅವರ ಮೇಲೆ ಇಷ್ಟು ಪ್ರೀತಿ.

2019ರ ಮೇ 6 ನೆನಪಿದೆಯಾ? ಲೀಗ್‌ಗಾಗಿ ಲಿವರ್‌ಪೂಲ್ ಜೊತೆ ಪೈಪೋಟಿ ಇತ್ತು. ಲೆಸ್ಟರ್ ಎದುರು ಸಿಟಿಗೆ 70 ನಿಮಿಷ ಗೋಲೇ ಇಲ್ಲ. ಚೆಂಡು ಕೊಂಪನಿ ಕಾಲಿಗೆ ಬಂತು, ಮುಂದೆ ಜಾಗ ಖಾಲಿ ಇತ್ತು, ಸಿಟಿಯಲ್ಲಿದ್ದ ಅಷ್ಟೂ ವರ್ಷ ಪೆನಾಲ್ಟಿ ಬಾಕ್ಸ್‌ನ ಹೊರಗಿಂದ ಅವರು ಒಂದೇ ಒಂದು ಗೋಲು ಹೊಡೆದವರಲ್ಲ. ಹೊಡೀಬೇಡ, ಹೊಡೀಬೇಡ ಅಂತ ತಮ್ಮವರೇ ಕೂಗುತ್ತಿದ್ದದ್ದು ಕೇಳಿಸಿತು ಅಂತ ಆಮೇಲೆ ಅವರೇ ಹೇಳಿದರು. ಆದರೂ ಹೊಡೆದರು. ಚೆಂಡು ನೇರ ಮೇಲಿನ ಮೂಲೆಗೆ! ಸಿಟಿ 98 ಅಂಕ, ಲಿವರ್‌ಪೂಲ್ 97. ಸಿಟಿಯಲ್ಲಿ ಅವರಿಗೆ ಅದು ನಾಲ್ಕನೇ ಲೀಗ್, ಕೊನೆಯದೂ ಹೌದು.

ಪ್ರಶ್ನೆ: ಅವರ ಅಪ್ಪ ಮೇಯರ್ ಆಗಿದ್ದರಂತೆ, ನಿಜವಾ?
– ಓದುಗರು, ಗದಗ

ಉತ್ತರ: ನಿಜ. ಪಿಯೆರ್ ಕೊಂಪನಿ 1975ರಲ್ಲಿ ಕಾಂಗೋದಿಂದ ನಿರಾಶ್ರಿತರಾಗಿ ಬೆಲ್ಜಿಯಂಗೆ ಬಂದರು. ಆಗ ಆ ದೇಶದ ಹೆಸರು ಜೈರ್. ಟ್ಯಾಕ್ಸಿ ಓಡಿಸಿಕೊಂಡೇ ಓದಿ ಎಂಜಿನಿಯರ್ ಆದರು. 2018ರಲ್ಲಿ ಬ್ರಸೆಲ್ಸ್‌ನ ಗಾನ್ಸ್‌ಹೋರೆನ್‌ಗೆ ಮೇಯರ್ ಆಗಿ ಆಯ್ಕೆಯಾದರು, ಬೆಲ್ಜಿಯಂನಲ್ಲಿ ಕಪ್ಪು ವರ್ಣದ ಮೊದಲ ಮೇಯರ್ ಅವರೇ. ಕಾಂಗೋವನ್ನು ಆಳಿದ್ದು ಇದೇ ಬೆಲ್ಜಿಯಂ ಅನ್ನುವುದು ಗೊತ್ತಿದ್ದರೆ ಈ ಮಾತಿನ ತೂಕ ತಿಳಿಯುತ್ತದೆ. ಮಗನೂ ಹಾಗೆಯೇ, ಆಟದ ನಡುವೆ ಓದಿ ಮ್ಯಾಂಚೆಸ್ಟರ್‌ನಲ್ಲಿ ಎಂಬಿಎ ಮುಗಿಸಿದರು. ತಮ್ಮ ಬೀಳ್ಕೊಡುಗೆ ಪಂದ್ಯದ ಹಣವನ್ನು ಆ ಊರಲ್ಲಿ ಬೀದಿಯಲ್ಲಿ ಮಲಗುವವರಿಗೆ ಕೊಟ್ಟರು.

ಪ್ರಶ್ನೆ: ಕೊಂಪನಿ ಕೋಚ್ ಆಗಿದ್ದ ಇಂಗ್ಲೆಂಡಿನ ಬರ್ನ್ಲಿ ತಂಡ ಕೆಳಗಿನ ದರ್ಜೆಗೆ ಬಿದ್ದ ಮೇಲೂ ಜರ್ಮನಿಯ ಬಾಯರ್ನ್ ಮ್ಯೂನಿಕ್ ಇವರನ್ನು ಕೋಚ್ ಮಾಡಿದ್ದು ಹೇಗೆ?
– ಓದುಗರು, ಬೆಂಗಳೂರು

ಉತ್ತರ: ಬಿದ್ದದ್ದನ್ನು ಮಾತ್ರ ನೋಡಬೇಡಿ. ಅದಕ್ಕೆ ಹಿಂದಿನ ವರ್ಷ ಅದೇ ಬರ್ನ್ಲಿ 101 ಅಂಕದೊಂದಿಗೆ ಎರಡನೇ ದರ್ಜೆಯ ಲೀಗ್ ಗೆದ್ದು ಮೇಲೆ ಬಂದದ್ದು ಇವರ ಕೈಯಲ್ಲೇ. 2024ರಲ್ಲಿ ಬಾಯರ್ನ್ ಕೇಳಿದ ಕೆಲವರು ಬರಲಿಲ್ಲ, ಇವರು ಹೋದರು. ಮೊದಲ ವರ್ಷವೇ ಜರ್ಮನಿಯ ಲೀಗ್ ಬುಂಡೆಸ್‌ಲಿಗಾ ಗೆಲ್ಲಿಸಿದರು.

ಶಿವಮೊಗ್ಗದ ತಾಯಿಗೆ ಇನ್ನೊಂದು ಮಾತು. ಮಗನಿಗೆ 2012ರ ಆ ಏಪ್ರಿಲ್ ಪಂದ್ಯ ಹುಡುಕಿ ತೋರಿಸಿ. ಹೆಡರ್ ಒಂದೇ ಅಲ್ಲ, ಎರಡನೇ ಅರ್ಧ ಪೂರ್ತಿ ನೋಡಲಿ. ಆ ರಾತ್ರಿ ರೂನಿಯಂಥ ಸ್ಟ್ರೈಕರ್ ಇದ್ದ ಯುನೈಟೆಡ್‌ನಿಂದ ಗೋಲಿನ ಒಳಕ್ಕೆ ಹೋಗುವಂಥ ಒಂದು ಹೊಡೆತವೂ ಬರಲಿಲ್ಲ. ಚೆಂಡನ್ನು ಬಿಟ್ಟು ಕೊಂಪನಿಯನ್ನೇ ನೋಡಲು ಹೇಳಿ: ಯಾವಾಗ ಮುಂದೆ ನುಗ್ಗುತ್ತಾರೆ, ಯಾವಾಗ ಹಿಂದೆ ಸರಿಯುತ್ತಾರೆ, ಪಕ್ಕದವನಿಗೆ ಕೈಯಲ್ಲಿ ಏನು ತೋರಿಸುತ್ತಾರೆ. ನೋಡಿದ ಮೇಲೆ ಅವನಿಗೆ ಏನನ್ನಿಸಿತು ಅಂತ ಅವನ ಕೈಯಲ್ಲೇ ಬರೆಸಿ ಕಳಿಸಿ.